ಒಪ್ಪಿಗೆಗೆ ಕಾದ ಸಾಲುಗಳು

ಫಿರ್ಮಾಂ ಕೂನಾಸ್ ಇನ್ನೊಬ್ಬರ ಕೆಲಸ ಕೆಡಿಸುವ ಮನುಷ್ಯ. ಕೆಡಿಸಬೇಕೆಂಬ ಉದ್ದೇಶ ಅವನಿಗಿಲ್ಲ ಎಂದು ಹೇಳುವವರು ನಮ್ಮ ಬಳಗದಲ್ಲಿದ್ದಾರೆ. ಉದ್ದೇಶ ಕಟ್ಟಿಕೊಂಡು ನನಗೇನೂ ಆಗಬೇಕಿಲ್ಲ. ಬೇರೆಯವರು ಬರೆದ ಸಾಲು ಕಣ್ಣಿಗೆ ಬಿದ್ದರೆ ಅವನ ಕೈ ಸುಮ್ಮನಿರುವುದಿಲ್ಲ. ತಿದ್ದದೆ ಬಿಡುವುದಿಲ್ಲ, ತಿದ್ದಿದ ಮೇಲೂ ಬಿಡುವುದಿಲ್ಲ. ತನ್ನ ಸಾಲನ್ನು ಇನ್ನೊಬ್ಬರು ಮುಟ್ಟಿದರೆ ಮಾತ್ರ ವಾರಗಟ್ಟಲೆ ಮುಖ ಊದಿಸಿಕೊಂಡಿರುತ್ತಾನೆ. ಬೆಲ್ಜಿಯಂನ ನಮ್ಮ ವೆರ್ವಿಯೆ ಊರಿನಲ್ಲಿ ಈ ಸ್ವಭಾವದ ಗಂಡಸರಿಗೆ ಬರವಿಲ್ಲ, ಆದರೆ ಉಳಿದವರಿಗೆ ಫುಟ್‌ಬಾಲ್ ಇದೆ.

ಅವನ ಚಿಕ್ಕಮ್ಮನ ಅಂತ್ಯಕ್ರಿಯೆಗೆ ನಾನೂ ಹೋಗಿದ್ದೆ. ಚರ್ಚಿನ ಬೆಂಚಿನ ಮೇಲೆ ಎಲ್ಲರ ಕೈಗೂ ಸತ್ತವಳ ಫೋಟೋ, ನಾಲ್ಕು ಸಾಲು ನೆನಪಿನ ಮಾತು ಇರುವ ಸಣ್ಣ ಕಾರ್ಡು ಕೊಟ್ಟಿದ್ದರು. ಪಾದ್ರಿ ಪ್ರಾರ್ಥನೆ ಶುರುಮಾಡುವಷ್ಟರಲ್ಲಿ ಫಿರ್ಮಾಂ ಅದನ್ನು ಪೆನ್ನಿನಿಂದ ತಿದ್ದಿ ನನ್ನ ಕಡೆ ದಾಟಿಸಿದ. ನಾನು ಅದನ್ನು ಮುಂದಕ್ಕೆ ದಾಟಿಸಲಿಲ್ಲ.

ಒಂದು ಕಡೆ ಕೂರುವ ಜಾಯಮಾನವೂ ಅವನದಲ್ಲ. ಕಾಫಿ ಕುಡಿಯುವುದು ನಿಂತುಕೊಂಡೇ. ನನ್ನ ಮನೆಗೆ ಬಂದರೆ ಕಿಟಕಿಯಿಂದ ಬೀರುವಿಗೆ, ಬೀರುವಿನಿಂದ ಬಾಗಿಲಿಗೆ ನಡೆಯುತ್ತಲೇ ಮಾತಾಡುತ್ತಾನೆ. ಅವನು ಹೋದ ಮೇಲೆ ನನ್ನ ಕುತ್ತಿಗೆ ನೋಯುತ್ತದೆ. ಹೆಂಡತಿ ಆರ್ಲೆತ್ ಅವನನ್ನು ಬಿಟ್ಟು ಸ್ಪಾ ಊರಿಗೆ ಹೋಗಿ ನೆಲೆಸಿ ಬಹಳ ಕಾಲವಾಯಿತು. ಆಕೆ ತನ್ನ ತಂಗಿಗೆ ಬರೆದ ಹುಟ್ಟುಹಬ್ಬದ ಶುಭಾಶಯವನ್ನು ಇವನು ಅಂಚೆಗೆ ಹಾಕುವ ಮುನ್ನ ಬಿಚ್ಚಿ ತಿದ್ದಿದ್ದನಂತೆ. ಒಮ್ಮೆ ರೈಲು ನಿಲ್ದಾಣದಲ್ಲಿ ಸಿಕ್ಕವಳು ನನಗೆ ಹೇಳಿದಳು: "ಬಿಟ್ಬಿಡು, ಬಿಟ್ಬಿಡು ಅಂತ ಮದುವೆಯಾದಾಗಿಂದ ಹೇಳ್ದೆ ಮೇಡಂ. ಅವ್ನು ಬಿಡ್ಲಿಲ್ಲ. ಕೊನೆಗೆ ನಾನೇ ಬಿಟ್ಟೆ."

ಅವನ ತಂದೆ ವೆಸ್ದ್ರ್ ನದಿಯ ದಂಡೆಯ ಉಣ್ಣೆ ಗಿರಣಿಯೊಂದರಲ್ಲಿ ನೇಕಾರ. ಗಿರಣಿ ಮುಚ್ಚಿದಾಗ ಫಿರ್ಮಾಂ ಇನ್ನೂ ಶಾಲೆಯಲ್ಲಿದ್ದ. ಆಮೇಲೆ ಲಿಯೇಜ್‌ಗೆ ಹೋಗಿ ಅನುವಾದ ಕಲಿತ, ಯಂತ್ರಗಳ ಕೈಪಿಡಿಗಳನ್ನು ಫ್ರೆಂಚಿಗೆ ತರುವ ಒಂದು ಕಂಪನಿ ಸೇರಿದ. ಉಣ್ಣೆ ಹಿಂಜುವ ಯಂತ್ರ, ಬಟ್ಟೆ ಒಗೆಯುವ ಯಂತ್ರ, ಕಾರಿನಲ್ಲಿ ಮಗುವನ್ನು ಕೂರಿಸುವ ಸೀಟು. ಯಾರೂ ಓದದ ಬರಹವನ್ನು ಹೊಳಪು ಬರುವವರೆಗೆ ಉಜ್ಜುವುದರಲ್ಲಿ ಅವನ ಯೌವನ ಕಳೆಯಿತು. ಕೊನೆಗೆ ಕಂಪನಿಯವರು ಅನುವಾದವನ್ನು ಯಂತ್ರಕ್ಕೇ ವಹಿಸಿ, ಯಂತ್ರ ಬರೆದದ್ದನ್ನು ತಿದ್ದುವ ಕೆಲಸ ಇವನಿಗೆ ಕೊಟ್ಟರು. ಇದಕ್ಕಿಂತ ಸ್ವರ್ಗ ಇವನಿಗೆ ಇನ್ನೊಂದಿಲ್ಲ ಎಂದು ನಾನು ಭಾವಿಸಿದ್ದೆ. ವರ್ಷ ತುಂಬುವುದರೊಳಗೆ ರಾಜೀನಾಮೆ ಕೊಟ್ಟು ಬಂದ. ಕಾರಣ ಕೇಳಿದ್ದಕ್ಕೆ, "ಅದಕ್ಕೆ ಬೇಜಾರೇ ಆಗಲ್ಲ ಮೇಡಂ. ಎಷ್ಟು ತಿದ್ದಿದ್ರೂ ವಾದ ಮಾಡಲ್ಲ. ಗೋಡೆಗೆ ತಿದ್ದಿದ ಹಾಗೆ" ಎಂದ.

ಕೆಲಸ ಬಿಟ್ಟ ಮೇಲೆ ಅವನ ಓಡಾಟ ಇನ್ನೂ ಹೆಚ್ಚಾಯಿತು. ಬೆಳಿಗ್ಗೆ ನದಿಯ ಒಂದು ದಂಡೆ, ಸಂಜೆ ಇನ್ನೊಂದು. ಹೀಗೆ ಅಲೆಯುತ್ತಲೇ ಒಂದು ದಿನ ನಮ್ಮ ಬಳಗದ ಕೋಣೆಗೆ ಬಂದ. ಮುಚ್ಚಿದ ಉಣ್ಣೆ ಗಿರಣಿಗಳ ಫೋಟೋ, ಬಟ್ಟೆಯ ಮಾದರಿ, ಕಾರ್ಮಿಕ ಸಂಘದ ಕರಪತ್ರ, ಮುದುಕರ ಮಾತಿನ ಧ್ವನಿಮುದ್ರಣ ಎಲ್ಲವನ್ನೂ ಕೂಡಿಡುವ ಬಳಗ ನಮ್ಮದು. ವಿಶ್ವವಿದ್ಯಾಲಯದಲ್ಲಿ ಇತಿಹಾಸ ಕಲಿಸಿ ನಿವೃತ್ತಳಾದ ನನ್ನನ್ನು ಅದಕ್ಕೆ ಅಧ್ಯಕ್ಷೆ ಮಾಡಿದ್ದರು. ಹಳೆಯ ಉಣ್ಣೆ ಗೋದಾಮಿನ ನೆಲಮಾಳಿಗೆಯಲ್ಲಿ ನಮ್ಮ ಕೋಣೆ. ಕಂಪ್ಯೂಟರ್ ನೋಡಿಕೊಳ್ಳುವವನು ಪೋಲ್ ಹಾನ್ಸೆನ್; ಹೊಟ್ಟೆಪಾಡಿಗೆ ನೀರು ಸರಬರಾಜು ಇಲಾಖೆಯಲ್ಲಿ ಕೆಲಸ, ಬಾಯಿ ಸ್ವಲ್ಪ ಜೋರು.

ನಮ್ಮ ಸಂಗ್ರಹವನ್ನು ಜನ ಮನೆಯಲ್ಲೇ ಕೂತು ಹುಡುಕಿ ನೋಡುವಂತಾಗಲಿ ಎಂದು ಪೋಲ್ ಒಂದು ಡಿಜಿಟಲ್ ಗ್ರಂಥಾಲಯದ ಸಾಫ್ಟ್‌ವೇರ್ ಹಾಕಿದ್ದ. ಅದನ್ನು ಕಟ್ಟಿದವರು ಭೂಮಿಯ ಆ ತುದಿಯ ಒಂದು ವಿಶ್ವವಿದ್ಯಾಲಯದವರು. ತಮ್ಮ ಕಡೆಯ ಯಾವುದೋ ಹಕ್ಕಿಯ ಹೆಸರನ್ನು ಅದಕ್ಕಿಟ್ಟಿದ್ದರು. ಆ ಹೆಸರು ನಮ್ಮ ನಾಲಿಗೆಗೆ ಹೊರಳದ ಕಾರಣ ನಾವು ಅದನ್ನು 'ಹಕ್ಕಿ' ಎಂದೇ ಕರೆಯುತ್ತಿದ್ದೆವು. ಪುಕ್ಕಟೆ ಸಾಫ್ಟ್‌ವೇರ್: ಯಾರು ಬೇಕಾದರೂ ಬಳಸಬಹುದು, ಯಾರು ಬೇಕಾದರೂ ತಿದ್ದಬಹುದು. ಈ ಎರಡನೆಯ ಮಾತು ಫಿರ್ಮಾಂನ ಕಿವಿಗೆ ಬೀಳಬಾರದಿತ್ತು.

ಹಕ್ಕಿಯ ಪರದೆಯ ಮೇಲೆ ಕಾಣುವ ಪ್ರತಿಯೊಂದು ಮಾತೂ, ಬಟನ್ ಮೇಲಿನ ಹೆಸರಿನಿಂದ ಹಿಡಿದು ಎಚ್ಚರಿಕೆಯ ಸೂಚನೆಯವರೆಗೆ, ಒಂದು ಜಾಲತಾಣದಲ್ಲಿ ಇಂಗ್ಲಿಷಿನಲ್ಲಿ ಸಾಲುಸಾಲಾಗಿ ಇರುತ್ತಿತ್ತು. ಬೇರೆಬೇರೆ ದೇಶದ ಸ್ವಯಂಸೇವಕರು ತಮ್ಮ ಭಾಷೆಯಲ್ಲಿ ಅದಕ್ಕೆ ಸಾಲು ಸೂಚಿಸಬೇಕು. ಸೂಚಿಸಿದ್ದು ಕೂಡಲೇ ಒಳಗೆ ಹೋಗುವುದಿಲ್ಲ. ಆ ಭಾಷೆಗೆ ನೇಮಕವಾದ ಪರಿಶೀಲಕ ನೋಡಿ ಒಪ್ಪಿಗೆ ಒತ್ತುವವರೆಗೆ ಸರದಿಯಲ್ಲಿ ಕಾಯುತ್ತದೆ. ಫ್ರೆಂಚಿಗೆ ಪರಿಶೀಲಕ ಇರಲಿಲ್ಲ. ಫಿರ್ಮಾಂ ಕೇಳಿದ, ಅವರು ಕೊಟ್ಟರು.

ಅವನು ಪರಿಶೀಲಕನಾದಾಗ ಫ್ರೆಂಚಿಗೆ ದುಡಿಯುವವರ ಒಂದು ಗುಂಪೇ ಇತ್ತು. ನಾಮೂರ್‌ನ ಒಬ್ಬ ಗುಮಾಸ್ತ, ಲಿಯೋಂನ ಒಬ್ಬಳು ವಿದ್ಯಾರ್ಥಿನಿ, ಕೆಬೆಕ್‌ನ ಒಬ್ಬ ನಿವೃತ್ತ ಮೇಷ್ಟ್ರು. ಅವರು ಕಳಿಸಿದ ಒಂದೊಂದು ಸಾಲಿಗೂ ಫಿರ್ಮಾಂ ಒಂದು ಪುಟ ಆಕ್ಷೇಪಣೆ ಬರೆದ. ಗುಮಾಸ್ತ ಕ್ರಿಸ್‌ಮಸ್‌ಗೆ ಮೊದಲೇ ಹೋದ. ವಿದ್ಯಾರ್ಥಿನಿ ಹೋಗುವಾಗ ಏನೋ ಬೈದು ಹೋದಳು. ಫಿರ್ಮಾಂ ಅದನ್ನೂ ತಿದ್ದಿದ. ಮೇಷ್ಟ್ರು ಮಾತಿಲ್ಲದೆ ಮಾಯವಾದರು. ಉಳಿದವಳು ಒಬ್ಬಳೇ: ಬುರ್ಕಿನಾದ ಬೊಬೊ ಊರಿನ ಅಲಿಮಾತಾ ಜೊಂಗೊ. ಶಿಕ್ಷಕರ ತರಬೇತಿ ಕಾಲೇಜೊಂದರ ಗ್ರಂಥಪಾಲಕಿ. ಅವಳೂ ಅಲ್ಲಿ ಇದೇ ಹಕ್ಕಿಯನ್ನು ಹಾಕಿದ್ದಳು, ಅವಳ ವಿದ್ಯಾರ್ಥಿಗಳು ಕಲಿಯುವುದು ಫ್ರೆಂಚಿನಲ್ಲಿ, ಇಂಗ್ಲಿಷ್ ಬಾರದು. ಬಿಟ್ಟು ಹೋಗುವ ಅನುಕೂಲ ಅವಳಿಗಿರಲಿಲ್ಲ.

ಹಕ್ಕಿಯ ಹೊಸ ಆವೃತ್ತಿ ವರ್ಷಕ್ಕೊಮ್ಮೆ ಹೊರಬರುತ್ತದೆ. ಒಂದು ಭಾಷೆ ಅದರಲ್ಲಿ ಇರಬೇಕಾದರೆ ಹತ್ತರಲ್ಲಿ ಒಂಬತ್ತು ಪಾಲು ಸಾಲುಗಳಿಗೆ ಒಪ್ಪಿಗೆ ಸಿಕ್ಕಿರಬೇಕು. ಫ್ರೆಂಚ್ ಎರಡು ವರ್ಷ ತಪ್ಪಿತು. ಸಾಲುಗಳು ಇರಲಿಲ್ಲವೆಂದಲ್ಲ, ಎಲ್ಲವೂ ಫಿರ್ಮಾಂನ ಸರದಿಯಲ್ಲಿ ಕೊಳೆಯುತ್ತಿದ್ದವು. ಒಪ್ಪಿಗೆಯಾದಷ್ಟನ್ನು ಜಾಲತಾಣದಿಂದ ನೇರವಾಗಿ ಇಳಿಸಿಕೊಂಡು ನಾವೂ ಅಲಿಮಾತಾಳೂ ಕಾಲ ತಳ್ಳುತ್ತಿದ್ದೆವು. ಮೂರನೆಯ ವರ್ಷ ಹಕ್ಕಿಯವರು ಒಂದು ಸೂಚನೆ ಹಾಕಿದರು: ಅಕ್ಟೋಬರ್ ಮೊದಲ ಭಾನುವಾರ ಮಧ್ಯಾಹ್ನ ಹನ್ನೆರಡಕ್ಕೆ ಬಾಗಿಲು ಮುಚ್ಚುತ್ತೇವೆ, ಆ ಹೊತ್ತಿಗೆ ಒಂಬತ್ತು ಪಾಲಿನ ಗೆರೆ ದಾಟದಿದ್ದರೆ ಫ್ರೆಂಚನ್ನು ಜಾಲತಾಣದಿಂದಲೇ ತೆಗೆದುಹಾಕುತ್ತೇವೆ. ತೆಗೆದರೆ ನಮ್ಮ ಪರದೆಯೂ ಅಲಿಮಾತಾಳ ಪರದೆಯೂ ಪೂರ್ತಿ ಇಂಗ್ಲಿಷಿಗೆ ತಿರುಗುತ್ತಿದ್ದವು. ನಮ್ಮ ಮುದುಕರು ಕಂಪ್ಯೂಟರ್ ಮುಟ್ಟುವುದು ನಿಲ್ಲಿಸುತ್ತಿದ್ದರು. ಅವಳ ಪ್ರಾಂಶುಪಾಲರು, ಇಂಗ್ಲಿಷ್ ಪರದೆಯಾದರೆ ಅದನ್ನು ಮುಚ್ಚಿಬಿಡು ಎಂದು ಆಗಲೇ ಹೇಳಿಯಾಗಿತ್ತು.

ಸೆಪ್ಟೆಂಬರಿನಲ್ಲಿ ಊರಿನ ಹಳೆಯ ಕಟ್ಟಡಗಳನ್ನೆಲ್ಲ ಜನರಿಗೆ ತೆರೆದಿಡುವ ವಾರಾಂತ್ಯ ಬರುತ್ತದೆ. ಆ ಶನಿವಾರ ನಾವು ನಮ್ಮ ಕೋಣೆಯಲ್ಲಿ ಹಕ್ಕಿಯನ್ನು ತೋರಿಸುವುದೆಂದಾಯಿತು. ಪೋಲ್ ಹಿಂದಿನ ರಾತ್ರಿಯವರೆಗಿನ ಹೊಸ ಸಾಲುಗಳನ್ನೆಲ್ಲ ಇಳಿಸಿಕೊಂಡು ಪರದೆಯನ್ನು ಗೋಡೆಯ ಮೇಲೆ ದೊಡ್ಡದಾಗಿ ಬೀಳಿಸಿದ್ದ. ಕಾಫಿ ಇತ್ತು, ನಮ್ಮ ಊರಿನ ಸಿಹಿ ಅಕ್ಕಿ ಟಾರ್ಟ್ ಇತ್ತು, ಆದ್ದರಿಂದ ಜನ ಇದ್ದರು. ಆ ಬೇಸಿಗೆಯಲ್ಲಿ ನಮಗೆ ಸಿಕ್ಕ ಅತಿ ದೊಡ್ಡ ಕೊಡುಗೆ ಜಿಲ್ಬೆರ್ತ್ ದ್ರೊಸಾರ್ ಕೊಟ್ಟ ಆಲ್ಬಮ್. ಜಿಲ್ಬೆರ್ತ್ ಗಿರಣಿಯಲ್ಲಿ ನೇಯ್ದ ಬಟ್ಟೆಯಿಂದ ಚಿಮಟದಲ್ಲಿ ಗಂಟು, ಕಸ ಆರಿಸುವ ಕೆಲಸ ಮಾಡಿದವಳು. ಎಂಬತ್ತು ದಾಟಿದ್ದರೂ ಬೆನ್ನು ನೆಟ್ಟಗಿತ್ತು. ಅವಳ ಆಲ್ಬಮನ್ನು ಅವಳ ಕೈಯಿಂದಲೇ ಪ್ರಕಟಿಸುವುದು ಮರ್ಯಾದೆ ಎಂದು ನಾನೇ ಸೂಚಿಸಿದ್ದೆ. ಅವಳನ್ನು ಕಂಪ್ಯೂಟರ್ ಮುಂದೆ ಕೂರಿಸಿದೆವು. ಪೋಲ್ ಕಾಫಿ ಯಂತ್ರದ ಹತ್ತಿರ ಹೋಗಿದ್ದ.

"ಯಾವ್ದನ್ನ ಒತ್ಲಿ?" ಎಂದಳು ಜಿಲ್ಬೆರ್ತ್.

"ಪ್ರಕಟಣೆ ಅಂತ ಇದೆಯಲ್ಲ, ಅದನ್ನ" ಎಂದೆ.

"ಎಲ್ಲಿದೆ? ಇಲ್ಲಿ ಎರಡಿದೆ, ಎರಡರಲ್ಲೂ ಒಂದೇ ಬರೆದಿದೆ."

ಕೋಣೆಯ ಹಿಂದೆ ಗೋಡೆಯಿಂದ ಗೋಡೆಗೆ ನಡೆಯುತ್ತಿದ್ದ ಫಿರ್ಮಾಂ, "ಸರಿಯಾಗಿ ಓದಿ ಮೇಡಂ, ಸ್ಪಷ್ಟವಾಗಿ ಬರೆದಿದೆ" ಎಂದು ಕೂಗಿದ.

"ಓದಿದ್ದನ್ನೇ ಹೇಳ್ತಿರೋದು ಕಣಪ್ಪಾ. ನನ್ನ ಕಣ್ಣು ನಿನ್ನ ಕಣ್ಣಿಗಿಂತ ಚೆನ್ನಾಗಿದೆ."

ನಾನು ಗೋಡೆಯ ಕಡೆ ನೋಡಿದೆ. ಅವಳು ಹೇಳಿದ್ದು ನಿಜ. ಎರಡು ಬಟನ್, ಒಂದು ಹಸಿರು, ಒಂದು ಕೆಂಪು. ಎರಡರ ಮೇಲೂ 'ಸಂಗ್ರಹಕ್ಕೆ ಸಂಬಂಧಿಸಿ' ಎಂದಿತ್ತು, ಅಲ್ಲಿಗೆ ಬಟನ್ ಮುಗಿದಿತ್ತು. ಬಾಯಿ ತೆರೆಯುವಷ್ಟರಲ್ಲಿ ಜಿಲ್ಬೆರ್ತ್ ಕೆಂಪನ್ನು ಒತ್ತಿದಳು. ಒಂದು ಪ್ರಶ್ನೆ ಮೂಡಿತು. ಅದೂ ಅರ್ಧಕ್ಕೆ ಕತ್ತರಿಸಿಹೋಗಿತ್ತು, ಕೆಳಗೆ 'ಹೌದು' ಮಾತ್ರ ಪೂರ್ತಿ ಕಾಣುತ್ತಿತ್ತು. ಅವಳು 'ಹೌದು' ಒತ್ತಿದಳು. ಗೋಡೆ ಬಿಳಿಯಾಯಿತು.

ಪೋಲ್ ಕೈಯಲ್ಲಿ ಕಾಫಿ ಕಪ್ ಹಿಡಿದುಕೊಂಡೇ ಓಡಿ ಬಂದ. "ಏನು ಒತ್ತಿದ್ರಿ?"

"ಕೆಂಪು."

"ಕೆಂಪು ಯಾಕೆ ಒತ್ತಿದ್ರಿ?"

"ನಾನು ಹದಿನೈದನೇ ವಯಸ್ಸಿಂದ ಕಾರ್ಮಿಕ ಸಂಘದ ಕೆಂಪು ಕಾರ್ಡಿನವಳು. ಒಂದು ಕೆಂಪು, ಒಂದು ಹಸಿರು ಇಟ್ಟು ಯಾವ್ದು ಅಂತ ಕೇಳಿದ್ರೆ ನಾನು ಹಸಿರು ಒತ್ತೀನಾ? ಹಸಿರು ಪಾದ್ರಿ ಸಂಘದವ್ರದ್ದು."

ಜನ ನಕ್ಕರು. ಪೋಲ್ ನಗಲಿಲ್ಲ. ಕೀಲಿಮಣೆ ಎಳೆದುಕೊಂಡು ಏನೇನೋ ಒತ್ತಿ ನೋಡಿದ. ಸಂಗ್ರಹ ಪೂರ್ತಿ ಅಳಿಸಿಹೋಗಿತ್ತು. ಅವನ ಹತ್ತಿರ ಈಸ್ಟರ್ ಹಬ್ಬದ ಹೊತ್ತಿನ ಒಂದು ಪ್ರತಿ ಇತ್ತು. ಅಲ್ಲಿಂದ ಈಚೆಗೆ ಹಾಕಿದ್ದೆಲ್ಲ, ಜಿಲ್ಬೆರ್ತ್‌ಳ ಆಲ್ಬಮ್ ಸೇರಿ, ಬೇಸಿಗೆಯಿಡೀ ಅರ್ಧ ಡಜನ್ ಮುದುಕರು ಕೂತು ಸ್ಕ್ಯಾನ್ ಮಾಡಿದ್ದೆಲ್ಲ ಹೋಗಿತ್ತು.

ಪೋಲ್ ಫಿರ್ಮಾಂನ ಪಟ್ಟಿ ತೆರೆದು ಆ ಎರಡು ಸಾಲುಗಳನ್ನು ಗೋಡೆಯ ಮೇಲೆ ತೋರಿಸಿ ಗಟ್ಟಿಯಾಗಿ ಓದಿದ. "'ಸಂಗ್ರಹಕ್ಕೆ ಸಂಬಂಧಿಸಿದಂತೆ ಪ್ರಕಟಣೆಯ ಕ್ರಮವನ್ನು ಕೈಗೊಳ್ಳುವುದು.' 'ಸಂಗ್ರಹಕ್ಕೆ ಸಂಬಂಧಿಸಿದಂತೆ ಅಳಿಸುವಿಕೆಯ ಕ್ರಮವನ್ನು ಕೈಗೊಳ್ಳುವುದು.' ಇದು ಬಟನ್ನಾ, ಕೋರ್ಟಿನ ನೋಟೀಸಾ? ಇಂಗ್ಲಿಷಿನಲ್ಲಿ ಒಂದೊಂದೇ ಪದ ಇದೆ ಮಾರಾಯ!"

"ಒಂದೇ ಪದದಲ್ಲಿ ಅಪ್ಪಣೆ ಕೊಡೋದು ಒರಟುತನ" ಎಂದ ಫಿರ್ಮಾಂ. "ಸಾಲು ಸರಿಯಾಗೇ ಇದೆ. ಬಟನ್ ಚಿಕ್ಕದು ಮಾಡಿದವರನ್ನ ಕೇಳು."

"ಒಂದು ಹೇಳು. ನೀನು ಈ ಹಕ್ಕೀನ ಒಂದ್ ಸಲನಾದ್ರೂ ತೆರೆದು ನೋಡಿದೀಯಾ?"

"ಸಾಲು ಎಲ್ಲಾ ನೋಡಿದೀನಿ."

"ಸಾಲಲ್ಲ. ಪರದೆ."

ಫಿರ್ಮಾಂ ಹಿಂದಿನ ಗೋಡೆಯ ಕಡೆ ನಡೆದ. ಎರಡು ವರ್ಷ ಅವನು ಪಟ್ಟಿಯನ್ನೇ ಅನುವಾದಿಸುತ್ತಿದ್ದ. ಯಾವ ಸಾಲು ಬಟನ್ ಮೇಲೆ ಕೂರುತ್ತದೆ, ಯಾವುದು ಪುಟದ ತಲೆಗೆ ಹೋಗುತ್ತದೆ ಎಂದು ಒಮ್ಮೆಯೂ ನೋಡಿರಲಿಲ್ಲ. ಇಡೀ ಜೀವಮಾನ ಕೈಪಿಡಿ ಅನುವಾದಿಸಿದವನು, ಯಂತ್ರವನ್ನು ನೋಡುವ ಅಭ್ಯಾಸವೇ ಅವನಿಗಿರಲಿಲ್ಲ.

ಜಿಲ್ಬೆರ್ತ್ ತಟ್ಟೆಯಲ್ಲಿದ್ದ ಟಾರ್ಟ್ ಮುಗಿಸಿ ಎದ್ದಳು. "ನಾವು ಬಟ್ಟೇಲಿ ಗಂಟು ಆರಿಸ್ತಿದ್ವಿ ಮಗಾ" ಎಂದಳು ಅವನಿಗೆ. "ಆರಿಸಿ ಆರಿಸಿ ತೂತು ಮಾಡಿದ್ರೆ ಮೇಸ್ತ್ರಿ ಆ ತುಂಡನ್ನ ನಮ್ಮ ತಲೆಗೇ ಕಟ್ತಿದ್ದ. ಆಲ್ಬಮ್ ಮತ್ತೆ ತರ್ತೀನಿ. ಈ ಸಲ ನೀನೇ ಕೂತು ಸ್ಕ್ಯಾನ್ ಮಾಡು."

ಮರುದಿನ ಮಧ್ಯಾಹ್ನ ಅವನು ಲ್ಯಾಪ್‌ಟಾಪ್ ಹಿಡಿದುಕೊಂಡು ನನ್ನ ಮನೆಗೆ ಬಂದ. ಅಲಿಮಾತಾ ಜೊತೆ ಮಾತಾಡಬೇಕು, ಸಾಕ್ಷಿಗೆ ಯಾರಾದರೂ ಇರಲಿ ಎಂದ. ಯಾವುದಕ್ಕೆ ಸಾಕ್ಷಿ ಎಂದು ಹೇಳಲಿಲ್ಲ. ಲ್ಯಾಪ್‌ಟಾಪನ್ನು ನನ್ನ ಊಟದ ಮೇಜಿನ ಮೇಲಿಟ್ಟು ತಾನು ಅದರ ಹಿಂದೆ ಓಡಾಡತೊಡಗಿದ. ಪರದೆಯಲ್ಲಿ ಮೂಡಿದ ಹೆಂಗಸಿಗೆ ಮೊದಲು ಕಂಡದ್ದು ನಾನು.

"ನಮಸ್ಕಾರ ಅಮ್ಮ. ಹಿರಿಯರು ಎಲ್ಲಿ?"

"ಓಡಾಡ್ತಿದಾರೆ" ಎಂದೆ.

"ಓಡಾಡ್ಲಿ. ಕೇಳಿಸುತ್ತೆ ತಾನೆ?" ಅವಳ ಹಿಂದೆ ಬೀದಿಯಲ್ಲಿ ಮೋಟಾರ್‌ಬೈಕುಗಳ ಸದ್ದಿತ್ತು, ಅವಳು ಕಿಟಕಿ ಮುಚ್ಚಿ ಬಂದು ಕೂತಳು. ನಲವತ್ತರ ಆಸುಪಾಸು, ಕನ್ನಡಕ, ತರಗತಿಗೆ ಮಾತಾಡಿ ರೂಢಿಯಾದ ಧ್ವನಿ. "ಹಿರಿಯರೇ, ಪೋಲ್ ನಂಗೆ ಬರೆದ್ರು. ಆ ಎರಡು ಬಟನ್ನಿಗೆ ನಾನು ಚಿಕ್ಕ ಸಾಲು ಕಳಿಸಿದ್ದೆ. ಫೆಬ್ರವರಿಯಲ್ಲಿ. ನೀವು ಬಿಸಾಕಿದ್ರಿ."

"ಅದು ಫ್ರೆಂಚೇ ಅಲ್ಲಮ್ಮಾ. ಸಿಗ್ನಲ್ ದೀಪದ ಹಾಗಿತ್ತು. ಬರೀ ಸಂಕೇತ."

"ಬಟನ್ ಅಂದ್ರೆ ಮತ್ತೇನು? ನನ್ನ ಹುಡುಗ್ರು ಇದನ್ನ ಫೋನಲ್ಲಿ ನೋಡ್ತಾರೆ. ಅಂಗೈಯಷ್ಟು ಪರದೆ. ನಿಮ್ಮ ಸಾಲು ಶುರುವಾಗೋದು ಕಾಣುತ್ತೆ, ಮುಗಿಯೋದು ಯಾರೂ ಕಂಡಿಲ್ಲ. ನಮ್ಮಲ್ಲಿ ಅದಕ್ಕೊಂದು ಆಟ ಇದೆ ಗೊತ್ತಾ? ಒಂದು ಬಟನ್ ತೋರಿಸಿ, ಬೆಲ್ಜಿಯಂ ಅಜ್ಜ ಇಲ್ಲಿ ಏನು ಹೇಳೋಕೆ ಹೊರಟಿದ್ರು ಅಂತ ಊಹಿಸೋದು. ಸೋತೋರು ಚಹಾ ಕೊಡಿಸ್ಬೇಕು."

ನನಗೆ ನಗು ಬಂತು. ಫಿರ್ಮಾಂ ನಿಂತ. "ಅಜ್ಜನಾ?"

"ನಂಗೆ ನೀವು ಹಿರಿಯರು. ಹುಡುಗ್ರಿಗೆ ಅಜ್ಜ. ಅದಿರ್ಲಿ. ಸರದಿಯಲ್ಲಿ ನನ್ನ ಸಾಲು ಎಷ್ಟಿದೆ ಅಂತ ನಿಮಗೇ ಗೊತ್ತು. ಒಂದೋ ಒಪ್ಪಿ, ಇಲ್ಲ ನನಗೂ ಪರಿಶೀಲನೆಯ ಹಕ್ಕು ಕೊಡಿ. ನೀವೊಬ್ರೇ ಅದನ್ನ ಕೊಡಬಲ್ಲೋರು. ಭಾಷೆ ಒಳಗೆ ಹೋದ ಮೇಲೆ ಇಬ್ರೂ ಕೂತು ವಾದ ಮಾಡೋಣ, ನಂಗೂ ಇಷ್ಟಾನೇ."

"ನಾನು ಒಪ್ತೀನಿ. ಆದರೆ ನೋಡಿ ಒಪ್ತೀನಿ."

"ನೋಡೋದೇ ನಿಮ್ಮ ಕಾಯಿಲೆ" ಎಂದಳು ಅಲಿಮಾತಾ, ಮತ್ತು ಮಾತು ಮುಗಿಸಿದಳು.

ಅವನು ಇನ್ನೂ ಸ್ವಲ್ಪ ಹೊತ್ತು ಮೇಜಿನ ಸುತ್ತ ತಿರುಗಿದ. ಹಕ್ಕು ಅವಳಿಗೆ ಕೊಟ್ಟುಬಿಡು ಎಂದು ನಾನು ನೇರವಾಗಿ ಹೇಳಿದೆ. "ಕೊಟ್ರೆ ಅವ್ಳು ಎಲ್ಲಾನೂ ಸಿಗ್ನಲ್ ದೀಪ ಮಾಡಿಬಿಡ್ತಾಳೆ" ಎಂದ. ಮಾಡಲಿ ಎಂದೆ. "ನಿಮಗೆ ಗೊತ್ತಾಗಲ್ಲ ಮೇಡಂ. ಆಮೇಲೆ ಅದರಲ್ಲಿ ನನ್ನದು ಅಂತ ಒಂದೂ ಉಳಿಯಲ್ಲ." ಅಷ್ಟು ಹೇಳಿ ಲ್ಯಾಪ್‌ಟಾಪ್ ಮಡಚಿಕೊಂಡು ಹೋದ. ಆ ಮಾತಿಗೆ ನನಗೆ ಕನಿಕರ ಹುಟ್ಟಲಿಲ್ಲ. ಒಂದು ಕಾಲೇಜು ಮತ್ತು ಒಂದು ಬಳಗದ ಕೆಲಸ ಒಬ್ಬ ಗಂಡಸಿನ ಹಟಕ್ಕೆ ಸಿಕ್ಕಿಕೊಂಡಿದೆ ಎಂದಷ್ಟೇ ಅನಿಸಿತು.

ಆ ಎರಡು ವಾರ ಅವನನ್ನು ಊರಿನಲ್ಲಿ ಎಲ್ಲ ಕಡೆಯೂ ಕಂಡೆ: ಸೇತುವೆಯ ಮೇಲೆ, ನಿಲ್ದಾಣದ ಮೆಟ್ಟಿಲ ಮೇಲೆ, ಸಂತೆಯಲ್ಲಿ ಏನೂ ಕೊಳ್ಳದೆ ಅಂಗಡಿಯಿಂದ ಅಂಗಡಿಗೆ. ಜಿಲ್ಬೆರ್ತ್‌ಳ ಆಲ್ಬಮನ್ನು ಸ್ಕ್ಯಾನ್ ಮಾಡಲೂ ಬಂದ. ಪ್ರತಿ ಫೋಟೋ ನಡುವೆ ಎದ್ದು ಬಾಗಿಲಿಗೆ ಹೋಗಿ ಬರುತ್ತಿದ್ದ. ಸರದಿಯ ಸಾಲುಗಳಿಗೆ ಒಪ್ಪಿಗೆಯನ್ನೂ ಕೊಡುತ್ತಿದ್ದ. ಆದರೆ ಅವನ ರೀತಿಯಲ್ಲಿ. ಅಲಿಮಾತಾಳ ಸಾಲು ತೆರೆದು, ತಿದ್ದಿ, ತಿದ್ದಿದ್ದನ್ನು ಓದಿ, ಮತ್ತೆ ತಿದ್ದಿ, ಕೆಲವೊಮ್ಮೆ ಅವಳು ಬರೆದಲ್ಲಿಗೇ ಸುತ್ತಿ ಬಂದು ಆಮೇಲೆ ಒಪ್ಪಿಗೆ ಒತ್ತುವುದು. ಜಾಲತಾಣದಲ್ಲಿ ಭಾಷೆ ಎಷ್ಟು ಮುಂದುವರಿದಿದೆ ಎಂದು ತೋರಿಸುವ ಒಂದು ನೀಲಿ ಪಟ್ಟಿ ಇರುತ್ತದೆ. ಪೋಲ್ ಅದನ್ನು ದಿನವೂ ನೋಡಿ ನನಗೆ ಫೋನ್ ಮಾಡುತ್ತಿದ್ದ. "ಬಸವನಹುಳು ಆದ್ರೂ ಇಷ್ಟೊತ್ತಿಗೆ ಲಿಯೇಜ್ ಮುಟ್ಟಿರ್ತಿತ್ತು ಮೇಡಂ."

ಅಕ್ಟೋಬರಿನ ಆ ಭಾನುವಾರ ಬೆಳಿಗ್ಗೆ ನಾವು ಮೂವರೂ ಬಳಗದ ಕೋಣೆಯಲ್ಲಿದ್ದೆವು. ಫಿರ್ಮಾಂನೇ ಅಲ್ಲಿಗೆ ಬರುತ್ತೇನೆಂದಿದ್ದ. ಮನೆಯಲ್ಲಿ ಒಬ್ಬನೇ ಕೂರಲು ಆಗುವುದಿಲ್ಲ ಎಂದು ಕಾರಣ ಕೊಟ್ಟ. ಪೋಲ್ ಪರದೆಯನ್ನು ಗೋಡೆಗೆ ಬೀಳಿಸಿದ. ಅಲಿಮಾತಾ ಬೊಬೊದಿಂದ ಧ್ವನಿಯಲ್ಲಿ ಮಾತ್ರ ಇದ್ದಳು. ಅಲ್ಲಿ ಕರೆಂಟು ಹೋಗಿ ಫೋನಿನಲ್ಲಿ ಕೆಲಸ ಮಾಡುತ್ತಿದ್ದಳು. ನೀಲಿ ಪಟ್ಟಿ ಗೆರೆಗಿಂತ ಬಹಳ ಹಿಂದಿತ್ತು.

ಫಿರ್ಮಾಂ ಮೇಜಿನ ಮೇಲೆ ಬಗ್ಗಿ ನಿಂತೇ ಒತ್ತುತ್ತಿದ್ದ. ಒಂದು ಸಾಲು ತೆರೆದ. ಓದಿದ. ಒಂದು ಪದ ಅಳಿಸಿ ಇನ್ನೊಂದು ಹಾಕಿದ.

"ಹಾಗೇ ಬಿಡು!" ಎಂದು ಪೋಲ್ ಕಿರುಚಿದ.

"ಒಂದು ನಿಮಿಷ."

"ನಿನ್ನ ಒಂದ್ ನಿಮಿಷಕ್ಕೆ ನನ್ನ ತಲೆಗೂದಲು ಬಿಳಿಯಾಯ್ತು. ಒತ್ತು ಮಾರಾಯ!"

"ನೀನು ಕಿರುಚಿದ್ರೆ ನಾನು ಇನ್ನೂ ನಿಧಾನ."

"ಅದಕ್ಕಿಂತ ನಿಧಾನ ಇದೆಯಾ?"

ಪೋಲ್‌ಗೆ ಸುಮ್ಮನಿರಲು ಹೇಳಿದೆ. ಗಂಟೆ ಹನ್ನೊಂದು ದಾಟಿತು. ಇದೇ ವೇಗದಲ್ಲಿ ಆಗುವುದಿಲ್ಲ ಎಂದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು, ಫಿರ್ಮಾಂನಿಗೂ. ಫೋನಿನಿಂದ ಅಲಿಮಾತಾ ಚಹಾ ಕುಡಿಯುವ ಸದ್ದು ಕೇಳುತ್ತಿತ್ತು. ಅವನು ಇನ್ನೊಂದು ಸಾಲು ತೆರೆದ. ಎರಡು ಪದಗಳ ಸಾಲು. ಅದನ್ನು ಬಹಳ ಹೊತ್ತು ನೋಡಿದ. ಬಾಗಿಲಿಗೆ ಹೋಗಿ ಬಂದ. ಮತ್ತೆ ನೋಡಿದ.

"ಆಗ್ತಿಲ್ಲ" ಎಂದ. ಯಾರಿಗೆ ಹೇಳಿದನೋ ತಿಳಿಯಲಿಲ್ಲ. "ನೋಡಿದ್ರೆ ಕೈ ಹೋಗುತ್ತೆ."

ಆಮೇಲೆ ಬೇರೊಂದು ಪುಟ ತೆರೆದು, ಅಲಿಮಾತಾ ಜೊಂಗೊ ಎಂಬ ಹೆಸರಿನ ಪಕ್ಕದ ಚೌಕದಲ್ಲಿ ಗುರುತು ಹಾಕಿ, ಉಳಿಸಿದ. ಪರಿಶೀಲನೆಯ ಹಕ್ಕು ಅವಳಿಗೆ ಹೋಯಿತು. ನಾನು ಹೇಳಿ, ಅವಳು ಹೇಳಿ, ಪೋಲ್ ಗೋಗರೆದು ಆಗದ್ದು ಒಂದು ಗುರುತಿನಲ್ಲಿ ಮುಗಿಯಿತು. ಇದನ್ನು ಔದಾರ್ಯವೆಂದು ನಾನು ಎಣಿಸುವುದಿಲ್ಲ. ಮುಳುಗುವವನು ಕೈಯಲ್ಲಿದ್ದ ಗಂಟನ್ನು ಬಿಡುತ್ತಾನೆ, ಅಷ್ಟೆ.

"ಬಂತು" ಎಂದಿತು ಫೋನಿನ ಧ್ವನಿ. ನೀಲಿ ಪಟ್ಟಿ ಅಲುಗಿತು. ಅವಳು ಒಂದೇ ಸಮನೆ ಒತ್ತುತ್ತಿದ್ದಳು. ತನ್ನದೇ ಸಾಲುಗಳು, ಅವಳಿಗೆ ಓದಬೇಕಿರಲಿಲ್ಲ. ಪೋಲ್ ಕುದುರೆ ಓಟ ನೋಡುವವನಂತೆ ಗೋಡೆಯ ಮುಂದೆ ಕೂಗುತ್ತಿದ್ದ. ಪಟ್ಟಿ ಗೆರೆ ಮುಟ್ಟಿತು, ದಾಟಿತು. ಹನ್ನೆರಡಕ್ಕೆ ಇನ್ನೂ ಕಾಲು ಗಂಟೆ ಇತ್ತು. ಪೋಲ್ ನನ್ನನ್ನು ತಬ್ಬಿಕೊಳ್ಳಲು ಬಂದ. ನಾನು ಕೈ ಕುಲುಕಿದೆ.

ಅಷ್ಟರಲ್ಲಿ ಫಿರ್ಮಾಂ ಮತ್ತೆ ಕೀಲಿಮಣೆಗೆ ಬಗ್ಗಿದ್ದ. ನನಗೆ ಆಶ್ಚರ್ಯವಾಗಲಿಲ್ಲ. ಅವಳು ಒಪ್ಪಿದ್ದನ್ನು ತಿದ್ದಲು ಶುರುಮಾಡಿದ್ದಾನೆ ಎಂದುಕೊಂಡೆ. ಪೋಲ್ ಕೂಡ ಹಾಗೇ ತಿಳಿದು ತಂತಿ ಕೀಳಲು ಕೈ ಚಾಚಿದ. ಗೋಡೆಯ ಮೇಲೆ ನೀಲಿ ಪಟ್ಟಿ ಹಿಂದಕ್ಕೆ ಜಾರಿ ಗೆರೆಯ ಕೆಳಗೆ ಬಂದು ನಿಂತಿತು.

"ಏನ್ ಮಾಡ್ತಿದೀಯೋ, ದರಿದ್ರದವನೇ!" ಪೋಲ್ ಅವನ ತೋಳು ಹಿಡಿದ.

"ಅವಳದ್ದಲ್ಲ" ಎಂದ ಫಿರ್ಮಾಂ. "ನನ್ನದು."

ನಿಜ. ಬಟನ್ ಮೇಲೆ ಕೂರುವ ತನ್ನ ಸಾಲುಗಳನ್ನೆಲ್ಲ, ಎರಡು ವರ್ಷದ ಹಿಂದೆಯೇ ಒಪ್ಪಿಗೆಯಾಗಿ ಒಳಗೆ ಕೂತಿದ್ದನ್ನು, ಒಂದೊಂದಾಗಿ ಹೊರಗೆಳೆದು ಸರದಿಗೆ ಹಾಕಿದ್ದ.

"ಹಿರಿಯರೇ?" ಎಂದಳು ಅಲಿಮಾತಾ. "ಪಟ್ಟಿ ಯಾಕೆ ಇಳೀತು?"

"ನಿಮ್ಮ ಚಿಕ್ಕ ಸಾಲೆಲ್ಲ ಅಲ್ಲೇ ಇದೆ ನೋಡಿ. ನಾನು ತಿರಸ್ಕರಿಸಿದ್ರಲ್ಲಿ. ಎತ್ಕೊಳ್ಳಿ."

"ಈಗ್ಲಾ? ಹತ್ತು ನಿಮಿಷ ಇದೆ!"

"ಮಾತಾಡ್ತಾ ಕೂತ್ರೆ ಒಂಬತ್ತಾಗುತ್ತೆ."

ಅವಳು ಬೈದಳು. ನನಗೆ ಅರ್ಥವಾಗದ ಭಾಷೆಯಲ್ಲಿ, ಮನಸಾರೆ. ನಂತರ ಕೆಲಸಕ್ಕೆ ತೊಡಗಿದಳು. ಫಿರ್ಮಾಂ ಮೇಜಿನ ಕೆಳಗಿಂದ ಕುರ್ಚಿ ಎಳೆದು ಅದರ ಮೇಲೆ ಕುಳಿತ. ಎರಡು ಕೈಗಳನ್ನೂ ಅಂಗೈ ಕೆಳಗೆ ಮಾಡಿ ತೊಡೆಯ ಅಡಿಗೆ ಸೇರಿಸಿಕೊಂಡು, ಶಾಲೆಯಲ್ಲಿ ಶಿಕ್ಷೆಗೆ ಕೂರಿಸಿದ ಹುಡುಗನ ಹಾಗೆ ನೆಟ್ಟಗೆ ಕುಳಿತು ಗೋಡೆಯನ್ನು ನೋಡಿದ. ಗೋಡೆಯ ಮೇಲೆ ಅವನ ಉದ್ದುದ್ದ ಸಾಲುಗಳು ಒಂದರ ಹಿಂದೊಂದು ಮಾಯವಾಗಿ ಅವುಗಳ ಜಾಗದಲ್ಲಿ ಒಂದೊಂದು ಪದ ನಿಲ್ಲುತ್ತಿತ್ತು. ಪ್ರಕಟಿಸಿ. ಅಳಿಸಿ. ಹುಡುಕಿ. ಹಿಂದೆ. ಪೋಲ್ ಕೂಗುವುದನ್ನು ಮರೆತಿದ್ದ. ನೀಲಿ ಪಟ್ಟಿ ಎರಡನೆಯ ಸಲ ಗೆರೆ ದಾಟಿತು.

ಇನ್ನು ನಿಲ್ಲಿಸಬಹುದಿತ್ತು. ಅವಳು ನಿಲ್ಲಿಸಲಿಲ್ಲ, ಕೈಗೆ ವೇಗ ಹತ್ತಿತ್ತು. ಮೊದಲ ಪುಟದ ತಲೆಯಲ್ಲಿ, ಗ್ರಂಥಾಲಯಕ್ಕೆ ಬಂದವರನ್ನು ಬರಮಾಡಿಕೊಳ್ಳುವ ಒಂದು ವಾಕ್ಯವಿತ್ತು. ಫಿರ್ಮಾಂನದು. ಅದು ಬಟನ್ ಅಲ್ಲ, ಅಲ್ಲಿ ಜಾಗಕ್ಕೆ ಬರವಿರಲಿಲ್ಲ. ಅವನು ಬರೆದದ್ದರಲ್ಲಿ ನಾನು ಒಂದು ಪದವನ್ನೂ ಬದಲಿಸಲಾರೆ ಎನ್ನಬಹುದಾದದ್ದು ಅದೊಂದೇ. ಅವನು ಹೊರಗೆಳೆದದ್ದರ ಜೊತೆ ಅದೂ ಬಂದುಬಿಟ್ಟಿತ್ತು. ಅಲಿಮಾತಾ ಅದನ್ನು ಮೂರು ಪದಕ್ಕೆ ಇಳಿಸಿದಳು. ಕೆಟ್ಟ ಮೂರು ಪದ.

ಪೇಟೆಯ ಕಡೆಯಿಂದ ಚರ್ಚಿನ ಹನ್ನೆರಡರ ಗಂಟೆ ಶುರುವಾಯಿತು.

"ಇದು ಸರಿನಾ ಹಿರಿಯರೇ?" ಎಂದಳು ಅವಳು. "ಒತ್ಲಾ?"

ಫಿರ್ಮಾಂನ ಭುಜಗಳೆರಡೂ ಮೇಲೆದ್ದವು. ಕುರ್ಚಿ ಕಿರ್ರೆಂದಿತು. ಕೈ ಹೊರಗೆ ಬರಲಿಲ್ಲ.

"ಒತ್ತಿ" ಎಂದ.